ತೋಳಿನ ಅಳತೆ

ಕೋಟಿನ ತೋಳುಗಳನ್ನು ಬಿಚ್ಚಿ ಮೊದಲಿನ ಉದ್ದಕ್ಕೆ ತಂದಿಡಬೇಕಿತ್ತು, ತಂದಿಡಲಿಲ್ಲ. ಹಲ್ಲುಜ್ಜುತ್ತ ಬಚ್ಚಲಿನ ಕನ್ನಡಿಯ ಮುಂದೆ ನಿಂತು ಅವಳು ಇಷ್ಟನ್ನು ತನಗೆ ತಾನೇ ಒಪ್ಪಿಕೊಂಡಳು. ಬಾಯಿ ತುಂಬ ನೊರೆಯಿದ್ದುದರಿಂದ ಮಾತು ಹೊರಗೆ ಬಿದ್ದೀತೆಂಬ ಭಯವಿರಲಿಲ್ಲ. ಬಾಗಿಲಾಚೆ ನಡುಮನೆಯಲ್ಲಿ ಅಕ್ಕ ಮೊಬೈಲು ಹಿಡಿದುಕೊಂಡು ಯೂರೋಪಿನ ಹವಾಮಾನ ಓದಿ ಹೇಳುತ್ತಿದ್ದಳು: ಮಳೆ, ಗಾಳಿ, ಮತ್ತೆ ಮಳೆ. "ಅಮ್ಮಂಗೆ ಒಂದು ನೆಟ್ಟಗಿನ ಕೋಟೇ ಇಲ್ವಲ್ಲಪ್ಪ! ಎರಡು ಸ್ವೆಟರ್ ಮೇಲೆ ಶಾಲು ಹೊದ್ಕೊಂಡು ಹೋದ್ರೆ, ಹಾಸಿಗೆ ಸುತ್ಕೊಂಡು ಬಂದಿದಾರೆ ಅಂತಾರೆ ಅಷ್ಟೆ." ಅದಕ್ಕೆ ಅಪ್ಪ, ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸದೆಯೇ, "ಅಷ್ಟಕ್ಕೆ ಯಾಕೆ ಕೂಗಾಡ್ತೀಯ? ಮೇಲಿನ ಕಂಬೀಲಿ ಆ ದಾಳಿಂಬೆ ಬಣ್ಣದ ಕೋಟಿದೆಯಲ್ಲ. ನಿಮ್ಮಮ್ಮನ ಮೈಗೆ ಹೇಳಿ ಮಾಡಿಸಿದ ಹಾಗಿರುತ್ತೆ" ಎಂದ. ಅವಳ ಗಂಟಲಲ್ಲಿ ಒಂದಿಷ್ಟು ನೊರೆ ಇಳಿದೇ ಹೋಯಿತು. ನಾಳೆ ಬೆಳಿಗ್ಗೆ ವಿಮಾನ. ಇಷ್ಟು ದಿನ ಯಾರಿಗೂ ನೆನಪಾಗದ ಕೋಟು ಇವತ್ತೇ ನೆನಪಾಗಬೇಕೆ? ಅಮ್ಮ ಅದನ್ನು ತೊಡುತ್ತಾಳೆ, ತೋಳು ಮಣಿಕಟ್ಟಿಗಿಂತ ಎಷ್ಟೋ ಮೇಲೆ ನಿಲ್ಲುತ್ತದೆ, ಅಮ್ಮ ಅಂಚನ್ನು ತಿರುವಿ ನೋಡುತ್ತಾಳೆ. ನೋಡಿದರೆ ಸಾಕು, ಅದು ಯಾರ ಹೊಲಿಗೆ ಎಂದು ಅಮ್ಮನಿಗೆ ಗೊತ್ತಾಗುತ್ತದೆ. ಆ ಹೊಲಿಗೆಯನ್ನು ಕಲಿಸಿದವಳೇ ಅಮ್ಮ.

ಮುಂದೆ ಲಾಂಡ್ರಿ, ಹಿಂದೆ ಮನೆ, ನಡುವೆ ಒಂದು ಪರದೆ: ಅವಳು ಹುಟ್ಟಿ ಬೆಳೆದದ್ದು ಈ ಪರದೆಯ ಎರಡೂ ಬದಿಗಳಲ್ಲಿ. ಅಂಗಡಿಯಲ್ಲಿ ಬಟ್ಟೆ ತೂಗುಹಾಕಲು ಎರಡು ಕಂಬಿಗಳು. ಕೆಳಗಿನದರಲ್ಲಿ ಇವತ್ತೋ ನಾಳೆಯೋ ಯಾರಾದರೂ ಬಂದು ಒಯ್ಯುವ ಬಟ್ಟೆ, ಮೇಲಿನದರಲ್ಲಿ ಯಾರೂ ಬಾರದ ಬಟ್ಟೆ. ಮೇಲಿನ ಕಂಬಿಯ ಬಟ್ಟೆಗಳಿಗೂ ಅಪ್ಪ ಧೂಳು ತಾಗಲು ಬಿಡುವುದಿಲ್ಲ. ಚಳಿಗಾಲ ಮುಗಿದಾಗೆಲ್ಲ ಇಳಿಸಿ, ಹಬೆ ಹಿಡಿಸಿ, ಹೊಸ ಪ್ಲಾಸ್ಟಿಕ್ ಚೀಲ ಹೊದಿಸಿ ಮತ್ತೆ ಏರಿಸುತ್ತಾನೆ. ಕೋಟು ಕೊಟ್ಟುಹೋದ ಬ್ಯಾಂಕಿನ ಹೆಂಗಸು ವರ್ಗವಾಗಿ ಹೋದಮೇಲೆ ಫೋನು ಮಾಡಿ, "ಅಯ್ಯೋ, ಅದರೊಳಗೆ ನಾನೀಗ ಹಿಡಿಸಲ್ಲ, ಯಾರಿಗಾದ್ರೂ ಕೊಟ್ಬಿಡಿ" ಎಂದು ನಕ್ಕಿದ್ದಳು. ಅಪ್ಪ ಯಾರಿಗೂ ಕೊಡಲಿಲ್ಲ. ಅಂಥ ಉಣ್ಣೆ ಈಗೆಲ್ಲಿ ಬರುತ್ತದೆ ಎಂದುಕೊಂಡು ಇಟ್ಟುಕೊಂಡ. ಮಧ್ಯಾಹ್ನ ಅಂಗಡಿ ಖಾಲಿಯಿರುವಾಗ ಅವಳು ಅದನ್ನು ಇಳಿಸಿ ತೊಟ್ಟುಕೊಳ್ಳುತ್ತಿದ್ದಳು. ತೊಟ್ಟು ಅತ್ತಿತ್ತ ಓಡಾಡುತ್ತಿರಲಿಲ್ಲ, ಕನ್ನಡಿಗೂ ಹೋಗುತ್ತಿರಲಿಲ್ಲ. ಪರದೆಯ ಹಿಂದೆ ಸುಮ್ಮನೆ ನಿಲ್ಲುತ್ತಿದ್ದಳು. ಲೈನಿಂಗ್‌ನೊಳಗೆ ಜಾರಿಬಿದ್ದ ಯಾವುದೋ ನಾಣ್ಯವೊಂದು ಕೋಟಿನ ಕೆಳಅಂಚಿನಲ್ಲಿ ಸಿಕ್ಕಿಕೊಂಡಿದೆ. ಉಸಿರೆಳೆದುಕೊಂಡಾಗ ಅದು ಮೊಣಕಾಲಿಗೆ ಮೆಲ್ಲಗೆ ತಟ್ಟುತ್ತದೆ, ಏಳು ಏಳು ಎಂದು ಯಾರೋ ಎಬ್ಬಿಸುವ ಹಾಗೆ.

"ಲೇ ಗುಬ್ಬಿ, ಬಚ್ಚಲಲ್ಲೇ ಸಂಸಾರ ಹೂಡಿದೀಯಾ? ಬಾರೇ, ಅಮ್ಮನ ಸೂಟ್‌ಕೇಸ್ ಮುಚ್ತಾ ಇಲ್ಲ," ಎಂದು ಅಕ್ಕ ಕೂಗಿದಳು. ಅಕ್ಕ ಕೆಲಸ ಮಾಡುವುದು ಪ್ರವಾಸ ಕಚೇರಿಯಲ್ಲಿ. ಕಂಡಕಂಡವರನ್ನೆಲ್ಲ ಪ್ಯಾರಿಸ್ಸಿಗೆ, ರೋಮಿಗೆ ಕಳಿಸಿದವಳು ತಾನು ಹೋಗುತ್ತಿರುವುದು ಇದೇ ಮೊದಲು. ಆದರೂ ನಡುಮನೆಯಲ್ಲಿ ನಿಂತು ಹತ್ತಾರು ಸಲ ಹೋಗಿಬಂದವಳ ಧಾಟಿಯಲ್ಲಿ ಮಾತಾಡುತ್ತಿದ್ದಳು: ದಪ್ಪದ್ದು ಒಂದರ ಬದಲು ತೆಳುವಾದವು ಮೂರು, ಒಂದರ ಮೇಲೊಂದು, ಹೊಸ ಶೂ ಬೇಡ, ಕಾಲಿಗೆ ಪಳಗಿದ್ದೇ ಇರಲಿ, ಅಲ್ಲಿ ನಡೆಯುವುದೇ ಕೆಲಸ, ಮಾತ್ರೆಗಳು ಕೈಚೀಲದಲ್ಲಿ, ವೈದ್ಯರ ಚೀಟಿಯೊಂದಿಗೆ, ಪಾಸ್‌ಪೋರ್ಟಿನ ನಕಲು ಒಬ್ಬೊಬ್ಬರ ಬಳಿಯೂ ಒಂದೊಂದು, ಅಸಲು ಅಪ್ಪನ ಬಳಿ ಅಲ್ಲ, ನನ್ನ ಬಳಿ. ಅಲ್ಲಿನ ಪ್ಲಗ್ಗಿನ ತೂತುಗಳೇ ಬೇರೆ ಎಂದು ಗೊತ್ತಾದಾಗಿನಿಂದ ಅಮ್ಮನಿಗೆ ಒಂದು ಬಗೆಯ ಅಂಜಿಕೆ ಹತ್ತಿಕೊಂಡಿತ್ತು. "ಗೋಡೇ ತೂತೇ ಬೇರೆ ಅಂದ್ಮೇಲೆ ಇನ್ನೇನೇನು ಬೇರೆ ಇರುತ್ತೋ!" ಅಪ್ಪನಿಗೆ ಮಾತ್ರ ಯಾವ ಅಂಜಿಕೆಯೂ ಇರಲಿಲ್ಲ. ಚಳಿಗೆಂದು ಮೈಗಂಟಿಕೊಳ್ಳುವ ಒಳ ಉಡುಪುಗಳನ್ನು ಅವನು ಒಂದೊಂದಾಗಿ ಇಸ್ತ್ರಿ ಮಾಡುತ್ತಿದ್ದ, ಕಾಲುಗಳಿಗೆ ಗೆರೆ ಹಾಕಿ. "ಅಪ್ಪ, ಥರ್ಮಲ್‌ಗೆ ಯಾರಪ್ಪ ಗೆರೆ ಹಾಕ್ತಾರೆ? ಒಳಗೆ ಹಾಕ್ಕೊಳ್ಳೋದು ಅದು!" ಎಂದು ಅಕ್ಕ ಅಂದರೆ, "ಒಳಗಿದ್ರೇನು, ನನ್ನ ಮನೆಯಿಂದ ಮುದುರಿದ ಬಟ್ಟೆ ಹೊರಗೆ ಹೋಗಲ್ಲ," ಎಂದ. ಎಲ್ಲರ ಕಾಲರಿನಲ್ಲೂ ಕಾಲುಚೀಲದಲ್ಲೂ ಅಂಗಡಿಯ ಗುರುತಿನ ಬಟ್ಟೆಚೂರು ಹೊಲಿಸಿದ್ದ. ಅಲ್ಲಿ ಎಲ್ಲಾದರೂ ಒಗೆಯಲು ಹಾಕಿದರೆ ಅದಲು ಬದಲಾಗಬಾರದಲ್ಲ. ಹೊಲಿದವಳು ಅವಳೇ. ಮೂವರಿಗೆ ಮೂರು ಗುರುತು. ಮೊದಲು ನಾಲ್ಕು ಮಾಡಿಕೊಂಡಿದ್ದಳು, ನಾಲ್ಕನೆಯದು ಸೂಜಿಡಬ್ಬಿಯಲ್ಲಿ ಗುಂಡಿಗಳ ಕೆಳಗೆ ಮಲಗಿತ್ತು.

ನಾಲ್ಕು ಜನರೆಂದೇ ಮಾತಾಗಿತ್ತು. ಮಾತಾದ ವಾರವೇ ಅವಳು ಮಧ್ಯಾಹ್ನಗಳಲ್ಲಿ ಕೂತು ಕೋಟಿನ ಲೈನಿಂಗ್ ಬಿಡಿಸಿ, ತೋಳನ್ನು ಒಳಕ್ಕೆ ಮಡಿಚಿ, ಹೊರಗೆ ಒಂದು ಎಳೆಯೂ ಕಾಣದ ಹಾಗೆ ಹೊಲಿದಳು. ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ಕೊಡುತ್ತಿದ್ದರು, ಕೇಳುವುದೇ ಅವಳಿಂದ ಆಗದ ಕೆಲಸ. ಹೊರಡುವ ದಿನ ತೊಟ್ಟುಕೊಂಡು ಪರದೆ ಸರಿಸಿ ಹೊರಗೆ ಬಂದರಾಯಿತು, ಆಗ ಎಲ್ಲರೂ ನೋಡುತ್ತಾರೆ ಎಂದುಕೊಂಡಿದ್ದಳು. ಆಮೇಲೆ, ಅಂಗಡಿಯ ದೊಡ್ಡ ಗಿರಾಕಿಯಾದ ಹೋಟೆಲಿನವರು, ಒಂದು ದಿನವೂ ಅಂಗಡಿ ಮುಚ್ಚುವ ಹಾಗಿಲ್ಲ, ಮುಚ್ಚಿದರೆ ಮೇಜುಬಟ್ಟೆಗಳನ್ನು ಬೇರೆ ಕಡೆ ಕಳಿಸುತ್ತೇವೆ ಎಂದರು. ಚಿಕ್ಕಪ್ಪ ಯಂತ್ರವನ್ನೂ ಇಸ್ತ್ರಿಯನ್ನೂ ನೋಡಿಕೊಂಡಾನು, ಆದರೆ ಗಿರಾಕಿಗಳನ್ನು ಅವನ ಕೈಗೆ ಕೊಡುವ ಹಾಗಿರಲಿಲ್ಲ. ಕಲೆ ಹೋಗಿಲ್ಲ ಎಂದವರಿಗೆ, ಹಾಗಾದ್ರೆ ಚೆಲ್ಲಿಕೊಳ್ಳಬಾರದಿತ್ತು ಎನ್ನುವವನು. ಆ ದಿನ ಊಟದ ಮೇಜಿನಲ್ಲಿ ಯಾರೂ ಏನೂ ಹೇಳಲಿಲ್ಲ. ಅಪ್ಪ ತಟ್ಟೆ ನೋಡುತ್ತಿದ್ದ, ಅಕ್ಕ ಲೋಟದ ನೀರು ನೋಡುತ್ತಿದ್ದಳು. ಅಮ್ಮ ಬಡಿಸುವ ನೆವ ಮಾಡಿಕೊಂಡು ನಿಂತೇ ಇದ್ದಳು. ಆ ಮೌನ ಯಾರ ಕಡೆಗೆ ವಾಲುತ್ತಿದೆಯೆಂದು ಅವಳಿಗೆ ತಿಳಿಯದೇ ಇರುತ್ತದೆಯೇ? ತೇವದ ಗೋಡೆಯಲ್ಲಿ ನೀರು ಎಲ್ಲಿ ಇಳಿಯುತ್ತದೆಂದು ಗೋಡೆಗೆ ತಿಳಿಯುವ ಹಾಗೆ ತಿಳಿಯಿತು. "ನಾನಿರ್ತೀನಿ ಬಿಡಿ. ನಂಗೇನೂ ಅಂಥ ಆಸೆ ಇಲ್ಲ," ಎಂದಳು. ಎಷ್ಟು ಸಲೀಸಾಗಿ ಬಂದಿತ್ತು ಮಾತು! ಬೇರೆ ಹೊತ್ತಿನಲ್ಲಿ ನಾಲ್ಕು ಪದ ಕೂಡಿಸಲು ತಡವರಿಸುವವಳು. ಮೇಜಿನ ಸುತ್ತ ಒಟ್ಟಿಗೆ ಉಸಿರು ಬಿಟ್ಟದ್ದು ಅವಳಿಗೆ ಕೇಳಿಸಿತು. "ಅವಳಿಗೊಂದು ಪುಸ್ತಕ, ಒಂದು ಮೂಲೆ ಇದ್ರೆ ಯೂರೋಪು ಯಾಕೆ," ಎಂದಳು ಅಕ್ಕ, ಪ್ರೀತಿಯಿಂದಲೇ. ಅಪ್ಪ ಅವಳ ತಲೆ ಸವರಿ, ಬಂಗಾರದಂಥ ಮಗಳು ಎಂದ. ಬಂಗಾರವನ್ನೂ ಪೆಟ್ಟಿಗೆಯಲ್ಲೇ ಇಡುತ್ತಾರಲ್ಲ ಎಂದು ಹೊಳೆದದ್ದು ಆಮೇಲೆ, ಪಾತ್ರೆ ತೊಳೆಯುವಾಗ. ಅವತ್ತಿನ ದಿನಚರಿಯಲ್ಲಿ ಬರೆಯಲು ಕೂತು, ಹೋಗುವ ಆಸೆಯಿಲ್ಲ, ಇಲ್ಲಿಯೇ ನೆಮ್ಮದಿ ಎಂದು ಚೆಂದದ ಅಕ್ಷರದಲ್ಲಿ ಬರೆದಳು. ಬೀಗವಿಲ್ಲದ ಮೇಜಿನ ಖಾನೆಯಲ್ಲಿಡುವ ಪುಸ್ತಕ. ಯಾರಾದರೂ ಓದಿಯಾರು ಎಂದು. ಆದರೆ ಯಾರೂ ಓದುವುದಿಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಹಾಗಾದರೆ ಆ ಸುಳ್ಳನ್ನು ಬರೆದದ್ದು ಯಾರಿಗೆ?

ಅಮ್ಮನ ಸೂಟ್‌ಕೇಸಿನ ಮುಂದೆ ಅವಳು ಮಂಡಿಯೂರಿ ಎಲ್ಲವನ್ನೂ ಹೊರಗೆ ತೆಗೆದು ಮತ್ತೆ ಜೋಡಿಸತೊಡಗಿದಳು. ಮಡಿಕೆಯ ನಡುವೆ ತೆಳುವಾದ ಕಾಗದ, ಮೂಲೆಗಳಲ್ಲಿ ಸುರುಳಿ ಸುತ್ತಿದ ಕಾಲುಚೀಲ, ಶೂ ಒಳಗೆ ಔಷಧಿಯ ಸೀಸೆ. ಈ ಕೆಲಸದಲ್ಲಿ ಅವಳನ್ನು ಮೀರಿಸುವವರು ಮನೆಯಲ್ಲಿಲ್ಲ. ಬಟ್ಟೆಗಳು ಕೈಗೆ ಸಿಕ್ಕ ಕೂಡಲೇ ತಮ್ಮಷ್ಟಕ್ಕೆ ತಾವೇ ಸಣ್ಣವಾಗುತ್ತವೆ. ಪದವಿಗೆ ಅವಳು ಓದಿದ್ದು ಭೂಗೋಳ. ಯೂರೋಪಿನ ನದಿಗಳನ್ನು ಒಂದೂ ತಪ್ಪಿಸದೆ ಹೇಳಬಲ್ಲಳು, ರೈನ್ ಎಲ್ಲಿ ತಿರುಗುತ್ತದೆ, ಡ್ಯಾನ್ಯೂಬ್ ಎಷ್ಟು ರಾಜಧಾನಿಗಳನ್ನು ಹಾಯುತ್ತದೆ. ಪರೀಕ್ಷೆಯಲ್ಲಿ ಬರೆದ ನಕ್ಷೆಯಲ್ಲಿ ಆ ನದಿಗಳಿಗೆ ಬಳಿದ ನೀಲಿ ಇನ್ನೂ ಬೆರಳಲ್ಲಿದೆಯೆಂದು ಕೆಲವೊಮ್ಮೆ ಅನಿಸುತ್ತದೆ, ನೋಡಿದರೆ ಅದು ಅಂಗಡಿಯ ಗುರುತಿನ ಮಸಿ. ಚಿಕ್ಕಪ್ಪ ಅಷ್ಟರಲ್ಲಿ ಪರದೆಯಿಂದ ತಲೆ ತೂರಿಸಿ, "ನೋಡ್ರಪ್ಪ ವಿಚಿತ್ರ! ಭೂಗೋಳ ಓದಿದೋಳು ಅಂಗಡೀಲಿ, ಭೂಮಿ ಗುಂಡಗಿದೆಯೋ ಚಪ್ಪಟೆಯೋ ಗೊತ್ತಿಲ್ಲದೋರೆಲ್ಲ ವಿಮಾನದಲ್ಲಿ!" ಎಂದ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಅಮ್ಮ ಮಾತ್ರ ಅರ್ಧ ನಕ್ಕು ನಿಲ್ಲಿಸಿ, "ಹೋಗಿ, ನಿಮ್ಮದೊಂದು," ಎಂದು ಮೈದುನನನ್ನು ಗದರಿದಳು. ನಗೆ ನಿಂತ ಜಾಗದಲ್ಲಿ ಒಂದು ಚಿಕ್ಕ ತೂತು ಉಳಿಯಿತು; ಆಗ ಹೇಳಬಹುದಿತ್ತು. ಆದರೆ ಹೇಳಿದರೆ ಏನಾಗುತ್ತದೆ? ಅಮ್ಮ ಹೊರಡುವುದಿಲ್ಲ ಎಂದು ಕೂರುತ್ತಾಳೆ. ಇಲ್ಲವೇ ಹೊರಟು, ಅಲ್ಲಿನ ಯಾವುದೋ ಬೆಟ್ಟದ ತುದಿಯಲ್ಲಿ ನಿಂತು ಹಿಮ ನೋಡುವ ಬದಲು ಇವಳ ಮುಖ ನೆನೆಯುತ್ತಾಳೆ. ಅಪ್ಪನ ಥರ್ಮಲ್ಲಿನ ಗೆರೆಗಳೆಲ್ಲ ಹಾಳು. ಹೇಳದಿದ್ದರೆ? ಹೇಳದಿದ್ದರೆ ಅವಳು ಆಸೆಯಿಲ್ಲದವಳು, ಇವತ್ತಿಗಷ್ಟೇ ಅಲ್ಲ, ಇನ್ನು ಮುಂದಕ್ಕೂ. ಪ್ರತಿ ಸಲವೂ ಮೇಜಿನ ಸುತ್ತ ಮೌನ ಬಿದ್ದಾಗ ಅದು ಇಳಿದು ಬರುವ ದಾರಿ ಈಗಾಗಲೇ ಕೊರೆದಾಗಿದೆ.

"ಆ ಕೋಟು ತಂದ್ಯೇನೇ?" ಎಂದು ಅಕ್ಕ ಕೇಳಿದಳು.

"ಅದು ಬೇಡ ಅಕ್ಕ. ಅದಕ್ಕೆ... ಹುಳ ಹಿಡಿದಿದೆ ಅನ್ಸುತ್ತೆ."

ಇಸ್ತ್ರಿಯ ಸದ್ದು ನಿಂತಿತು. ಅಪ್ಪ ತಿರುಗಿ ನೋಡಿದ ನೋಟಕ್ಕೆ ಅವಳು ಕುಗ್ಗಿಹೋದಳು. "ಹುಳ? ನನ್ನ ಅಂಗಡೀಲಿ ಉಣ್ಣೆಗೆ ಹುಳ? ಯಾರ ಹತ್ರ ಹೇಳ್ತಾ ಇದೀಯ ನೀನು?"

"ಇಲ್ಲಪ್ಪ, ಅನ್ಸುತ್ತೆ ಅಂದೆ."

"ಅನ್ಸುತ್ತೆ ಅನ್ನೋದನ್ನೂ ಗಿರಾಕಿ ಕೇಳಿಸ್ಕೊಂಡ್ರೆ ಅಂಗಡಿ ಬಾಗಿಲು ಹಾಕ್ಕೋಬೇಕು. ಹೋಗು, ಇಳಿಸ್ಕೊಂಡು ಬಾ. ಹುಳ ಇದ್ರೆ ನಾನೇ ತಿನ್ತೀನಿ."

ಅಂಗಡಿಯಲ್ಲಿ ಹಬೆ ತುಂಬಿತ್ತು. ಚಿಕ್ಕಪ್ಪ ಹೋಟೆಲಿನ ಬಿಳಿ ಬಟ್ಟೆಗಳ ಗಂಟನ್ನು ತೂಗುತಕ್ಕಡಿಯ ಕೊಕ್ಕೆಗೆ ಸಿಕ್ಕಿಸುತ್ತಿದ್ದ. ನಿನ್ನೆ ಅದೇ ಕೊಕ್ಕೆಗೆ ಅಪ್ಪ ಸೂಟ್‌ಕೇಸುಗಳನ್ನು ನೇತುಹಾಕಿ, ವಿಮಾನದವರ ಲೆಕ್ಕ ಮೀರಿತೆಂದು ಅಕ್ಕನ ಕೈಲಿ ಹೇರ್ ಡ್ರೈಯರ್ ತೆಗೆಸಿದ್ದ. "ಏನಮ್ಮ ಸೈಲೆನ್ಸರ್, ನಾಳೆಯಿಂದ ನಾವಿಬ್ಬರೇ ರಾಜ್ಯಭಾರ ಮಾಡೋರು," ಎಂದ ಚಿಕ್ಕಪ್ಪ. "ನೀನು ಮಾತಾಡಲ್ಲ, ನಾನು ನಿಲ್ಲಿಸಲ್ಲ. ಗಿರಾಕಿಗಳಿಗೆ ದೇವರೇ ಗತಿ." ಅವಳು ಕೋಲು ತೆಗೆದುಕೊಂಡು ಕೋಟು ಇಳಿಸಿ ಪರದೆಯ ಹಿಂದಿನ ಸಂದಿಗೆ ಬಂದಳು. ಸೂಜಿಡಬ್ಬಿ ಅಲ್ಲೇ ಇತ್ತು, ಕತ್ತರಿಯೂ. ಈಗಲೂ ಬಿಚ್ಚಬಹುದು, ಹೊಲಿಗೆಯ ಒಂದು ಎಳೆ ಹಿಡಿದೆಳೆದರೆ ಸಾಕು, ಉಳಿದದ್ದು ಅದಾಗಿ ಅದೇ ಬಿಡುತ್ತದೆ. ಮಡಿಕೆಯ ಗುರುತನ್ನು ಹಬೆ ತೆಗೆಯುತ್ತದೆ. ಹಿಂದೊಮ್ಮೆ ಹೀಗೇ ಬಿಚ್ಚಲು ಕೂತು, ಎರಡು ಬೆರಳಿನಷ್ಟು ಬಿಚ್ಚಿ, ಬಿಚ್ಚಿದ್ದನ್ನು ಮತ್ತೆ ಮೊದಲಿಗಿಂತ ಒತ್ತಾಗಿ ಹೊಲಿದಿಟ್ಟಿದ್ದಳು. ಯಾಕೆಂದು ಕೇಳಿಕೊಳ್ಳುವ ಧೈರ್ಯ ಆಗಲೂ ಇರಲಿಲ್ಲ. ಅವಳು ಕತ್ತರಿಯ ತುದಿಯನ್ನು ತೋಳಿನೊಳಗೆ ತೂರಿಸಿದಳು. ಇಲ್ಲೇ, ಇದೇ ಸಂದಿಯಲ್ಲಿ ಕೋಟು ತೊಟ್ಟು ನಿಂತಿದ್ದಾಗ ಒಮ್ಮೆ ಸಂಗೀತದ ಮೇಷ್ಟ್ರು ತಮ್ಮ ಅಂಗಿ ಒಯ್ಯಲು ಬಂದಿದ್ದರು. ಗಾಳಿಗೆ ಪರದೆ ಹಾರಿ ಅವರ ಕಣ್ಣಿಗೆ ಬಿದ್ದಳು. ಗಿರಾಕಿಗಳ ಬಟ್ಟೆಯನ್ನು ಲಾಂಡ್ರಿಯವರು ತೊಟ್ಟುಕೊಳ್ಳುತ್ತಾರೆಂದು ಊರಿಗೆಲ್ಲ ಹೇಳಿಬಿಡುತ್ತಾರೇನೋ ಎಂದು ಅವಳು ಹೆದರಿದಳು. ಅವರು ಹಾಗೇನೂ ಅನ್ನಲಿಲ್ಲ. ತಲೆಯಿಂದ ಕಾಲಿನವರೆಗೆ ನೋಡಿ, "ಎಲ್ಲಿಗೆ ಹೊರಟಿದೀಯಮ್ಮ?" ಎಂದು ಕೇಳಿದರು, ನಿಜವಾಗಿಯೂ ಹೊರಟವಳನ್ನು ಕೇಳುವ ಹಾಗೆ. "ಎಲ್ಲಿಗೂ ಇಲ್ಲ," ಎಂದಿದ್ದಳು. ಅವರ ಅಂಗಿಗಳನ್ನು ಕಟ್ಟಿಕೊಡುವಾಗ ದಾರ ಗಂಟಾಗಿ, ಬಿಡಿಸಲಾರದೆ ಕಣ್ಣಲ್ಲಿ ನೀರು ಬಂದಿತ್ತು. ಎಲ್ಲಿಗೂ ಇಲ್ಲ. ಯಾರೂ ಒತ್ತಾಯಿಸದೆ, ಯಾರೂ ತಡೆಯದೆ, ತಾನಾಗಿಯೇ ಹೇಳಿದ ಮಾತು. ಅವಳು ಕತ್ತರಿಯನ್ನು ಹೊರಗೆಳೆದಳು. ಎಳೆ ತುಂಡಾಗಿರಲಿಲ್ಲ.

ಅಮ್ಮ ನಡುಮನೆಯ ಉದ್ದ ಕನ್ನಡಿಯ ಮುಂದೆ ನಿಂತು ಕೈ ಹಿಂದಕ್ಕೆ ಚಾಚಿದಳು. ಅವಳೇ ಕೋಟು ತೊಡಿಸಿದಳು. ಅಮ್ಮ ಎತ್ತರದ ಹೆಂಗಸು, ಅಗಲ ಭುಜದವಳು; ಭುಜಕ್ಕೆ ಕೋಟು ತಕ್ಕದಾಗಿಯೇ ಕೂತಿತು, ಗುಂಡಿಗಳೂ ಸೇರಿದವು, ದಾಳಿಂಬೆ ಬಣ್ಣ ಅಮ್ಮನ ಮುಖಕ್ಕೆ ಎಲ್ಲಿಂದಲೋ ಒಂದು ಹೊಳಪು ತಂದಿತು. ಒಂದು ಕ್ಷಣ ಯಾರೂ ತೋಳು ನೋಡಲಿಲ್ಲ. ಆ ಒಂದು ಕ್ಷಣ ಅವಳು, ಅಮ್ಮ ಎಷ್ಟು ಚೆನ್ನಾಗಿದ್ದಾಳೆ ಎಂದಷ್ಟೇ ಅಂದುಕೊಂಡಳು, ಬೇರೇನೂ ನೆನಪಿಗೆ ಬರಲಿಲ್ಲ. ಆಮೇಲೆ ಅಮ್ಮ ಕೂದಲು ಸರಿಮಾಡಿಕೊಳ್ಳಲು ಕೈ ಎತ್ತಿದಳು, ತೋಳು ಮೊಣಕೈ ಕಡೆಗೆ ಓಡಿತು. ಅಕ್ಕ ಕಿಸಕ್ಕನೆ ನಕ್ಕಳು. "ಅಮ್ಮ, ಶಾಲೆ ಮಗೂ ಕೋಟು ಹಾಕ್ಕೊಂಡ ಹಾಗಿದೆ!" ಅಮ್ಮನೂ ನಕ್ಕು ಎರಡೂ ಕೈಗಳನ್ನು ಮುಂದೆ ಚಾಚಿ ತೋರಿಸಿದಳು, ಬೊಂಬೆಯ ಹಾಗೆ.

ಅಪ್ಪ ನಗಲಿಲ್ಲ. ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿಟ್ಟು ಬಂದು, ಮೊಣಕೈ ಬಳಿ ತೋಳಿನ ಬಟ್ಟೆಯನ್ನು ಬೆರಳುಗಳ ನಡುವೆ ಹಿಡಿದು ಉಜ್ಜಿದ. "ಕುಗ್ಗಿದೆ," ಎಂದ, ಬಹಳ ಸಣ್ಣ ದನಿಯಲ್ಲಿ.

"ಅಯ್ಯೋ ಬಿಡ್ರೀ, ಕೋಟು ತಾನೆ," ಎಂದಳು ಅಮ್ಮ.

"ಹೋದ ಚಳಿಗಾಲ ಮುಗಿದಾಗ ಹಬೆ ಹಿಡಿಸಿದ್ದು ನಾನೇ. ಬಿಸಿ ಜಾಸ್ತಿ ಆಗಿರ್ಬೇಕು. ಉಣ್ಣೆ ಕುಗ್ಗಿಸೋದು ಅಂದ್ರೆ..." ಅಪ್ಪ ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ. "ಇಷ್ಟು ವರ್ಷದಲ್ಲಿ ಒಂದು ಬಟ್ಟೆ ಕುಗ್ಗಿಸಿದವನಲ್ಲ ನಾನು. ಬೇರೆಯವರದ್ದು ಇನ್ನೆಷ್ಟು ಕುಗ್ಗಿಸಿದೀನೋ, ಪಾಪ, ಮುಖ ನೋಡಿ ಸುಮ್ನಾಗಿದಾರೋ ಏನೋ. ಕೈ ಹೋಯ್ತು ಕಣೇ ನಂದು."

"ಒಂದು ಕೋಟಿಗೆ ಎಷ್ಟು ದೊಡ್ಡ ಮಾತು ಆಡ್ತೀರಪ್ಪ," ಎಂದಳು ಅಕ್ಕ, ಆದರೆ ಅವಳ ನಗೆ ಅಳಿಸಿಹೋಗಿತ್ತು. ತೋಳು ಹೊಲಿದವಳು ಗೋಡೆಗೊರಗಿ ನಿಂತಿದ್ದಳು. ಇಷ್ಟು ಸುಲಭ! ಬೆಳಗಿನಿಂದ ಹೆದರಿದ್ದಕ್ಕೆಲ್ಲ ಒಂದು ಉತ್ತರ ತಾನಾಗಿಯೇ ಬಂದು ನಿಂತಿತ್ತು. ಕೋಟು ಕುಗ್ಗಿತು. ಅದನ್ನು ಮತ್ತೆ ಮೇಲಿನ ಕಂಬಿಗೆ ಏರಿಸುತ್ತಾರೆ, ಅಮ್ಮ ಸ್ವೆಟರಿನ ಮೇಲೆ ಶಾಲು ಹೊದ್ದು ಹೋಗುತ್ತಾಳೆ, ಯಾರಿಗೂ ಏನೂ ತಿಳಿಯುವುದಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಅದರಲ್ಲಂತೂ ಅವಳು ಪಳಗಿದವಳು. ಅಪ್ಪ ಇನ್ನೂ ಅಂಗೈ ನೋಡಿಕೊಳ್ಳುತ್ತಿದ್ದ. ಬಿಸಿ ತಾಗಿ ತಾಗಿ ನುಣುಪಾದ, ಗೆರೆಗಳೇ ಮಾಸಿದ ಕೈಗಳು. ಆ ಕೈಗಳನ್ನು ಹೊತ್ತುಕೊಂಡು ಅವನು ನಾಳೆ ವಿಮಾನ ಹತ್ತುತ್ತಾನೆ, ಅಲ್ಲಿ ಎಲ್ಲೋ ಚರ್ಚಿನ ಮುಂದೆ ನಿಂತು ಎದುರಿಗೆ ಹೋಗುವವರ ಕೋಟುಗಳ ತೋಳು ನೋಡುತ್ತಾನೆ. ಹಿಂತಿರುಗಿ ಬಂದಮೇಲೆ ಪ್ರತಿ ಬಟ್ಟೆಗೂ ಹಬೆ ಹಿಡಿಸುವ ಮುನ್ನ ಒಂದು ಗಳಿಗೆ ತಡೆಯುತ್ತಾನೆ.

ಅವಳು ಅಮ್ಮನ ಕಡೆ ನೋಡಿದಳು. ಅಮ್ಮ ಬಲಗೈಯ ಅಂಚನ್ನು ತಿರುವಿ ಹಿಡಿದುಕೊಂಡಿದ್ದಳು. ಹೆಬ್ಬೆರಳು ಲೈನಿಂಗ್‌ನ ಮೇಲೆ ನಿಧಾನ ಓಡಿತು, ಒಂದು ಕಡೆ ನಿಂತಿತು, ಒತ್ತಾಗಿ ಹೊಲಿದ ಆ ಎರಡು ಬೆರಳಿನ ಜಾಗದಲ್ಲಿ. ಅಮ್ಮ ಅಂಚನ್ನು ಮೊದಲಿನ ಹಾಗೆ ಮಡಿಚಿದಳು, ಮೇಲೆ ಇನ್ನೊಂದು ಕೈ ಇಟ್ಟುಕೊಂಡಳು. ಕನ್ನಡಿಯಲ್ಲಿ ಅವರಿಬ್ಬರ ಕಣ್ಣು ಸೇರಿದವು. ಅಮ್ಮನ ಮುಖದಲ್ಲಿ ಸಿಟ್ಟಿರಲಿಲ್ಲ, ಪ್ರಶ್ನೆಯೂ ಇರಲಿಲ್ಲ. ನೀನು ಹೇಳದಿದ್ದರೆ ನಾನೂ ಹೇಳುವುದಿಲ್ಲ ಎನ್ನುವ ಮುಖ ಅದು. ಆ ಊಟದ ದಿನವೂ ಅಮ್ಮ ಬಡಿಸುವ ಚಮಚ ಹಿಡಿದುಕೊಂಡು ಇದೇ ಮುಖದಲ್ಲಿ ನಿಂತಿದ್ದಿರಬೇಕು. ಮಗಳು ನೋಡಿರಲಿಲ್ಲ, ತಟ್ಟೆಯ ಕಡೆ ನೋಡುತ್ತ ಮಾತಾಡಿದ್ದಳು.

"ಬಿಚ್ಚಿಡು," ಎಂದ ಅಪ್ಪ ಅಮ್ಮನಿಗೆ. "ನೋಡೋಕಾಗ್ತಿಲ್ಲ ನಂಗೆ."

"ಕುಗ್ಗಿಲ್ಲಪ್ಪ."

ಮೂವರೂ ತಿರುಗಿದರು. ಪರದೆಯಾಚೆ ತಕ್ಕಡಿಯ ಸದ್ದೂ ನಿಂತಿತು. ಗೋಡೆಯ ತಂಪು ಬೆನ್ನಿಗೆ ತಾಗುತ್ತಿತ್ತು, ಅವಳು ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು.

"ನಿಮ್ಮ ಕೈಗೇನೂ ಆಗಿಲ್ಲ. ತೋಳು ಮಡಿಚಿ ಹೊಲಿದಿದ್ದು ನಾನು, ನನ್ನ ಅಳತೆಗೆ." ಅಕ್ಕ ಏನೋ ಕೇಳಲು ಬಾಯಿ ತೆರೆದಳು, ಅಮ್ಮ ಕೋಟಿನ ಗಿಡ್ಡ ತೋಳಿನ ಕೈ ಎತ್ತಿ ಅವಳನ್ನು ತಡೆದಳು.

"ನಂಗೂ ಬರ್ಬೇಕು ಅಂತ ಇತ್ತಮ್ಮ. ತುಂಬ ಇತ್ತು."